ಉಗುರುಬೆಚ್ಚಗೆ ಎಂದರೆ ಎಷ್ಟು ಬೆಚ್ಚಗೆ?

ಬ್ರೆಡ್ ಮಾಡುವ ವಿಧಾನ ಬರೆಯುವವರು ‘ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ’ ಎನ್ನುತ್ತಾರೆ. ಎಳೆಗೂಸಿನ ಆರೈಕೆಯ ಬಗ್ಗೆ ಬರೆಯುವವರು ‘ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ’ ಎನ್ನುತ್ತಾರೆ. ಜ್ವರ ಬಂದವರ ಮೈ ಒರೆಸುವುದಕ್ಕೂ ಅದೇ ಉಗುರುಬೆಚ್ಚಗಿನ ನೀರು. ಮೂರೂ ಕಡೆ ಥರ್ಮಾಮೀಟರ್ ಅದ್ದಿ ನೋಡಿದರೆ ನೀರು ಮೂರು ಬಗೆಯದು ಎಂದು ಗೊತ್ತಾಗುತ್ತದೆ. ಒಣ ಯೀಸ್ಟ್ ಚೆನ್ನಾಗಿ ಏಳಬೇಕಾದರೆ ನೀರು 40ರಿಂದ 43 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೂಸಿನ ಸ್ನಾನದ ನೀರು 37ರಿಂದ 38 ಡಿಗ್ರಿ. ಜ್ವರದ ಮೈ ಒರೆಸಲು ಬಳಸುತ್ತಿದ್ದ ನೀರು ಸುಮಾರು 30 ಡಿಗ್ರಿ. ಮೊದಲನೆಯದು ಮೈಕಾವಿಗಿಂತ ಹೆಚ್ಚು, ಎರಡನೆಯದು ಮೈಕಾವಿನಷ್ಟೇ, ಮೂರನೆಯದು ಚರ್ಮದ ಕಾವಿಗಿಂತಲೂ ಕಡಿಮೆ. ಹದಿಮೂರು ಡಿಗ್ರಿಯ ಅಂತರವನ್ನು ಒಂದೇ ಪದದ ಕೆಳಗೆ ತುರುಕಿ, ಓದುವವರು ಸರಿಯಾಗಿ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ. ಯೀಸ್ಟಿಗೆ ಬೇಕಾದ ನೀರಿನಲ್ಲಿ ಕೂಸನ್ನು ಇಳಿಸಿದರೆ ಅದು ಚೀರುತ್ತದೆ. ಜ್ವರಕ್ಕೆ ಬಳಸಿದ ನೀರನ್ನು ಯೀಸ್ಟಿಗೆ ಹಾಕಿದರೆ ಅದು ಮಂಕಾಗಿ ಏಳುತ್ತದೆ, ಅರ್ಧ ಗಂಟೆಯಲ್ಲಿ ಉಬ್ಬಬೇಕಾದ ಹಿಟ್ಟು ಅಲ್ಲೇ ಕೂತಿರುತ್ತದೆ.

ಕುದಿಯುವ ನೀರು ಎಂದರೆ ಯಾರಿಗೂ ಗೊಂದಲವಿಲ್ಲ, ಗುಳ್ಳೆ ಕಾಣಿಸುತ್ತದೆ. ಮಂಜುಗಡ್ಡೆಯೂ ಕಣ್ಣಿಗೆ ಕಾಣುತ್ತದೆ. ಇವೆರಡರ ನಡುವೆ ನೂರು ಡಿಗ್ರಿಯಷ್ಟು ಜಾಗವಿದ್ದು, ಅಲ್ಲಿ ನೀರು ನೋಡಲು ಒಂದೇ ತರ ಇರುತ್ತದೆ. ಈ ನಡುವಿನ ಜಾಗಕ್ಕೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ: ಬೆಚ್ಚಗೆ, ನಸುಬೆಚ್ಚಗೆ, ಉಗುರುಬೆಚ್ಚಗೆ, ಆರಿದ್ದು, ತಣಿದದ್ದು, ತಂಪು, ತಣ್ಣಗೆ, ಹಿತ, ಹದ. ಇವೆಲ್ಲ ಒಂದೇ ಅಳತೆಗೋಲಿನ ಮೇಲಿನ ಗೀಟುಗಳು ಎಂದುಕೊಂಡು ಬಳಸುವುದರಿಂದಲೇ ಎಡವಟ್ಟಾಗುತ್ತದೆ. ಅಸಲಿಗೆ ಒಂದೊಂದು ಪದವೂ ಬೇರೆ ಬೇರೆ ಸಂಗತಿಯನ್ನು ಹೇಳುತ್ತದೆ.

ಚರ್ಮಕ್ಕೆ ತಿಳಿಯುವುದು ಏನು?

ಮೈಯೊಳಗಿನ ಕಾವು 37 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಚರ್ಮದ ಮೇಲ್ಮೈ ಸಾಮಾನ್ಯವಾಗಿ 32ರಿಂದ 34 ಡಿಗ್ರಿಯಷ್ಟೇ ಇರುತ್ತದೆ. ಅಂಗೈ, ಪಾದಗಳು ಇನ್ನೂ ಕೆಳಗಿಳಿಯಬಹುದು. ಹಾಗಾಗಿ ‘ಬೆಚ್ಚಗಿದೆ’ ಎಂಬ ಅನುಭವ ಶುರುವಾಗುವುದು 37ರ ನಂತರ ಅಲ್ಲ, ಮುಟ್ಟುವ ಚರ್ಮದ ಆ ಹೊತ್ತಿನ ಕಾವನ್ನು ದಾಟಿದ ಮೇಲೆ. ಸುಮಾರು 30ರಿಂದ 36 ಡಿಗ್ರಿಯ ನಡುವೆ ಚರ್ಮ ಬೇಗ ಒಗ್ಗಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕೈ ಇಟ್ಟರೆ ನೀರು ಬೆಚ್ಚಗೂ ಅನ್ನಿಸುವುದಿಲ್ಲ, ತಣ್ಣಗೂ ಅನ್ನಿಸುವುದಿಲ್ಲ, ಬರೀ ಒದ್ದೆ ಎಂದಷ್ಟೇ ತಿಳಿಯುತ್ತದೆ. ಮೇಲಿನ ತುದಿಯಲ್ಲಿ ಇನ್ನೊಂದು ಗಡಿಯಿದೆ. ಸುಮಾರು 43 ಡಿಗ್ರಿ ದಾಟಿದ ಮೇಲೆ ಚರ್ಮದ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನು ತೆರೆದುಕೊಂಡು ಉರಿಯ, ನೋವಿನ ಸಂಕೇತ ಕಳಿಸಲು ತೊಡಗುತ್ತದೆ. ಮೆಣಸಿನಕಾಯಿಯ ಖಾರ ಬಾಯಿ ಸುಟ್ಟಂತೆ ಅನ್ನಿಸುವುದು ಇದೇ ಪ್ರೋಟೀನನ್ನು ಅದು ತೆರೆಯುವುದರಿಂದ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಆ ಬಹುಮಾನವನ್ನು ಹಂಚಿಕೊಂಡವರು ಆರ್ಡೆಮ್ ಪಟಪೂಟಿಯನ್. ತಂಪನ್ನು ತಿಳಿಸುವ ಟಿಆರ್‌ಪಿಎಂ8 ಎಂಬ ಇನ್ನೊಂದು ಪ್ರೋಟೀನನ್ನು 2002ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಪುದೀನದ ಮೆಂಥಾಲ್ ತೆರೆಯುವುದು ಅದನ್ನು. ಬಾಯಿ ಒಂದು ಡಿಗ್ರಿಯೂ ಇಳಿದಿರುವುದಿಲ್ಲ, ಆದರೂ ತಂಪೆನ್ನಿಸುತ್ತದೆ.

ಅಂದರೆ ಮೈಯಲ್ಲಿ ಎರಡು ಗುರುತುಗಳು ಹುಟ್ಟಿನಿಂದಲೇ ಇವೆ. ಒಂದು, ನೀರಿನ ಕಾವು ತಿಳಿಯದೇ ಹೋಗುವ ಜಾಗ, 33ರಿಂದ 35ರ ಸುತ್ತ. ಇನ್ನೊಂದು, ಬೆಚ್ಚಗಿನ ಸುಖ ಮುಗಿದು ಚುರುಕು ಮುಟ್ಟಲು ತೊಡಗುವ ಜಾಗ, 43ರ ಸುತ್ತ. ಉಗುರುಬೆಚ್ಚಗೆ ಎಂಬ ಪದ ಬಹುಪಾಲು ಓಡಾಡುವುದು ಈ ಎರಡು ಗುರುತುಗಳ ನಡುವಿನ ಹತ್ತು ಡಿಗ್ರಿಯಲ್ಲಿ. ಈ ಪದ ಅಸ್ಪಷ್ಟ, ಬಿಟ್ಟುಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಗುರುತಿನ ಹತ್ತಿರ ಎಂದು ಹೇಳಿದರೆ ಥರ್ಮಾಮೀಟರ್ ಇಲ್ಲದೆಯೂ ಎರಡು ಮೂರು ಡಿಗ್ರಿಯ ಒಳಗೆ ಬರಬಹುದು. ‘ಕೈ ಅದ್ದಿದರೆ ಕಾವೇ ತಿಳಿಯಬಾರದು’ ಎಂಬುದು ಒಂದು ಸೂಚನೆ. ‘ಬೆರಳಿಟ್ಟು ಹತ್ತು ಎಣಿಸಲು ಆಗಬೇಕು, ಆದರೆ ಇನ್ನು ಸ್ವಲ್ಪ ಕಾದಿದ್ದರೆ ಬೆರಳು ತೆಗೆಯುವಂತಿರಬೇಕು’ ಎಂಬುದು ಇನ್ನೊಂದು. ಎರಡಕ್ಕೂ ಉಗುರುಬೆಚ್ಚಗೆ ಎಂದಷ್ಟೇ ಬರೆದು ಸುಮ್ಮನಾಗುವುದೇ ತೊಂದರೆ.

ಮುಟ್ಟಿ ನೋಡುವುದರಲ್ಲಿ ಮೋಸವಿಲ್ಲದೆ ಇಲ್ಲ. ಮೂರು ಬೋಗುಣಿಗಳ ಪ್ರಯೋಗ ಹಳೆಯದು. ಬೆಚ್ಚಗೆ-ತಣ್ಣಗೆ ಎಂಬುದು ನೀರಿನ ಗುಣವೋ ಕೈಯ ಗುಣವೋ ಎಂಬ ಚರ್ಚೆಯಲ್ಲಿ ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ ಅನ್ನಿಸುವುದನ್ನು ಎತ್ತಿ ತೋರಿಸಿದ. ಮಾಡಿ ನೋಡಲು ಕಷ್ಟವೇನಿಲ್ಲ. ಎಡಗಡೆಯ ಬೋಗುಣಿಯಲ್ಲಿ 15 ಡಿಗ್ರಿ ನೀರು, ಬಲಗಡೆ 40, ನಡುವೆ 30. ಎರಡೂ ಕೈಗಳನ್ನು ಅಕ್ಕಪಕ್ಕದ ಬೋಗುಣಿಗಳಲ್ಲಿ ಒಂದು ನಿಮಿಷ ಇಟ್ಟು, ಒಟ್ಟಿಗೆ ನಡುವಿನದಕ್ಕೆ ತರಬೇಕು. ಎಡಗೈಗೆ ನೀರು ಬೆಚ್ಚಗಿರುತ್ತದೆ, ಬಲಗೈಗೆ ತಣ್ಣಗಿರುತ್ತದೆ, ಎರಡೂ ಒಂದೇ ನೀರಿನಲ್ಲಿವೆ ಎಂದು ಗೊತ್ತಿದ್ದೂ ಹಾಗೇ ಅನ್ನಿಸುತ್ತದೆ. ನರತುದಿಗಳು ಇರುವ ಕಾವಿಗಿಂತ ಆದ ಬದಲಾವಣೆಗೆ ಜೋರಾಗಿ ಸ್ಪಂದಿಸುವುದೇ ಕಾರಣ. ಆದ್ದರಿಂದ ತಣ್ಣೀರಿನಲ್ಲಿ ಪಾತ್ರೆ ತೊಳೆದ ಕೈಯಿಂದ ಕೂಸಿನ ಸ್ನಾನದ ನೀರನ್ನು ಪರೀಕ್ಷಿಸಬಾರದು. 36 ಡಿಗ್ರಿಯ ನೀರೂ ಆ ಕೈಗೆ ಬಿಸಿಯಾಗಿ ಕಾಣುತ್ತದೆ. ಬಿಸಿ ಪಾತ್ರೆ ಹಿಡಿದು ಬಂದ ಕೈಯದು ಉಲ್ಟಾ ತಪ್ಪು, ಮತ್ತು ಹೆಚ್ಚು ಅಪಾಯದ್ದು. ಮೊಣಕೈ ಅಥವಾ ಮಣಿಕಟ್ಟಿನ ಒಳಭಾಗ ಅದ್ದಿ ನೋಡಿ ಎಂಬ ಸಲಹೆ ಬಂದದ್ದೇ ಇದಕ್ಕೆ. ಅಲ್ಲಿ ಚರ್ಮ ತೆಳು, ಬೆರಳುಗಳಷ್ಟು ಕೆಲಸ ಮಾಡಿ ಗಟ್ಟಿಯಾಗಿರುವುದಿಲ್ಲ, ಕಾವೂ ದಿನವಿಡೀ ಹೆಚ್ಚು ಏರಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಮಂದವಾದವರು, ತೀರಾ ವಯಸ್ಸಾದವರು ಮಾತ್ರ ಯಾವ ಭಾಗದ ಚರ್ಮವನ್ನೂ ನಂಬದೆ ಥರ್ಮಾಮೀಟರನ್ನೇ ನೆಚ್ಚಿಕೊಳ್ಳಬೇಕು.

ವಸ್ತು ಬದಲಾದರೂ ಪದ ಬದಲಾಗುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಕಬ್ಬಿಣದ ಸರಳೂ ಮರದ ಹಲಗೆಯೂ 20 ಡಿಗ್ರಿಯಲ್ಲೇ ಇರುತ್ತವೆ. ಮುಟ್ಟಿದರೆ ಸರಳು ತಣ್ಣಗೆ, ಹಲಗೆ ಹಾಗೇನಿಲ್ಲ. ಕಬ್ಬಿಣ ಬೆರಳಿನ ಕಾವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಗಾಳಿ ಮತ್ತು ನೀರಿನ ನಡುವೆ ಈ ಅಂತರ ಇನ್ನೂ ದೊಡ್ಡದು, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. 27 ಡಿಗ್ರಿಯ ಗಾಳಿಯಲ್ಲಿ ತೆಳು ಬಟ್ಟೆ ತೊಟ್ಟು ಸುಖವಾಗಿ ಕೂರಬಹುದು. ಈಜುಸ್ಪರ್ಧೆಯ ಕೊಳದ ನೀರು ನಿಯಮದಂತೆ 25ರಿಂದ 28 ಡಿಗ್ರಿ ಇರಬೇಕು, ಅದೇ 27 ಡಿಗ್ರಿಯ ನೀರಿಗೆ ಇಳಿದವರು ಮೊದಲು ನಡುಗುತ್ತಾರೆ. ಸುಮ್ಮನೆ ಕೂರುವವರಿಗೆ ಚಳಿಯೂ ಆಗದ, ಬೆವರೂ ಬರದ ನೀರು 33ರಿಂದ 35 ಡಿಗ್ರಿಯದು. ಹಾಗಾಗಿ ಗಾಳಿಗೆ ‘ಬೆಚ್ಚಗಿದೆ’ ಎಂದು ಒಪ್ಪುವ ಅಂಕಿಯನ್ನು ನೀರಿಗೆ ಹಚ್ಚಿದರೆ ತಪ್ಪಾಗುತ್ತದೆ.

ನೀರು ತಣ್ಣಗಿರುತ್ತದೆ, ಚಳಿ ನಮಗಾಗುತ್ತದೆ

ಈ ವ್ಯತ್ಯಾಸವನ್ನು ಕನ್ನಡ ತನ್ನ ವಾಕ್ಯರಚನೆಯಲ್ಲೇ ಇಟ್ಟುಕೊಂಡಿದೆ. ‘ನೀರು ತಣ್ಣಗಿದೆ’ ಎನ್ನುತ್ತೇವೆ, ‘ನೀರು ಚಳಿಯಾಗಿದೆ’ ಎನ್ನುವುದಿಲ್ಲ. ಚಳಿ ನಮಗಾಗುತ್ತದೆ, ಅಥವಾ ಹೊರಗಡೆ ಇರುತ್ತದೆ. ಕಲ್ಲಿಗೆ, ಕಬ್ಬಿಣಕ್ಕೆ ಚಳಿಯಿಲ್ಲ. ಸೆಕೆಯೂ ಹಾಗೆಯೇ: ನಮಗೆ ಸೆಕೆ, ಒಳಗೆಲ್ಲ ಸೆಕೆ, ಆದರೆ ಸೆಕೆಯಾದ ನೀರು ಎಂಬುದಿಲ್ಲ. ಬಿಸಿ ಅದಕ್ಕೆ ವಿರುದ್ಧ, ಅದು ವಸ್ತುವಿನ ಪದ. ನೀರು ಬಿಸಿ, ಹಂಚು ಬಿಸಿ, ಜ್ವರ ಬಂದಾಗ ಮೈ ಬಿಸಿ. ಅಲ್ಲಿ ಮೈಯೂ ಮುಟ್ಟಿ ನೋಡುವ ವಸ್ತುವೇ. ‘ಇವತ್ತು ತುಂಬಾ ಬಿಸಿ ಇದೆ’ ಎಂದು ಹವೆಯ ಬಗ್ಗೆ ಹೇಳುವುದು ಈಚೆಗೆ ಕಿವಿಗೆ ಬೀಳುತ್ತಿದೆ. ಸೆಕೆ, ಧಗೆ, ಝಳ, ಉರಿಬಿಸಿಲು ಎಂಬ ನಾಲ್ಕು ಪದಗಳು ನಾಲ್ಕು ಬೇರೆ ಅನುಭವಗಳಿಗಿರುವಾಗ ಅವೆಲ್ಲವನ್ನೂ ಒಂದು ‘ಬಿಸಿ’ಗೆ ಇಳಿಸುವುದು ದೊಡ್ಡ ನಷ್ಟ. ಸೆಕೆಯಲ್ಲಿ ತೇವವಿದೆ. ಬೆವರು ಆರದೆ ಮೈಗೆ ಅಂಟಿಕೊಳ್ಳುವ ಸ್ಥಿತಿ ಅದು, 30 ಡಿಗ್ರಿಯಲ್ಲೂ ಆಗಬಹುದು. ಝಳ ಒಂದು ದಿಕ್ಕಿನಿಂದ ಬಂದು ಮುಖಕ್ಕೆ ಬಡಿಯುತ್ತದೆ. ಒಲೆಯ ಮುಂದೆ ಕೂತವರಿಗೆ ಬೆನ್ನು ತಣ್ಣಗಿದ್ದೂ ಝಳ ತಾಕುತ್ತದೆ.

ಬೆಚ್ಚಗೆ ಎಂಬುದು ಎರಡೂ ಕಡೆ ಸಲ್ಲುವ ಪದ, ಮತ್ತು ಅದಕ್ಕೆ ಮೂರನೆಯ ಕೆಲಸವೂ ಇದೆ. ನೀರು ಬೆಚ್ಚಗಿದೆ ಎಂದರೆ ನೀರಿನ ಕಾವು. ಹಾಸಿಗೆಯಲ್ಲಿ ಬೆಚ್ಚಗಿದ್ದೇನೆ ಎಂದರೆ ನನ್ನ ಅನುಭವ. ಬೆಚ್ಚನೆಯ ಕಂಬಳಿ ಎಂದರೆ ಕಂಬಳಿಯ ಕಾವಲ್ಲ, ಮಡಿಸಿಟ್ಟ ಕಂಬಳಿ ಕೋಣೆಯಷ್ಟೇ ತಣ್ಣಗಿರುತ್ತದೆ. ಒಳಗಿನವರ ಕಾವನ್ನು ಹೊರಗೆ ಬಿಡದ ಅದರ ಗುಣವನ್ನು ಆ ಪದ ಹೇಳುತ್ತಿದೆ. ಕಂಬಳಿಯಲ್ಲಿ ಮಂಜುಗಡ್ಡೆ ಸುತ್ತಿಟ್ಟರೆ ಅದು ತಡವಾಗಿ ಕರಗುವುದೂ ಈ ಗುಣದಿಂದಲೇ.

ತಂಪು ಮತ್ತು ತಣ್ಣಗೆ ನಡುವಿನ ಭೇದ ಇನ್ನೂ ಸೂಕ್ಷ್ಮ. ಎರಡಕ್ಕೂ ಮೂಲ ಒಂದೇ ಕಡೆಯದು, ಆದರೆ ಬಳಕೆಯಲ್ಲಿ ತಂಪು ಎಂದಾಕ್ಷಣ ಮೆಚ್ಚುಗೆ ಬಂದುಬಿಡುತ್ತದೆ. ತಂಗಾಳಿ, ತಂಪು ನೆರಳು. ತಂಪಾಗಿದೆ ಎಂದು ದೂರುವವರು ಸಿಗುವುದಿಲ್ಲ. ತಣ್ಣಗೆ ಮಾತ್ರ ಸಂದರ್ಭ ನೋಡಿ ಅರ್ಥ ಬದಲಿಸುತ್ತದೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಹರಕೆ, ‘ಉತ್ಸಾಹ ತಣ್ಣಗಾಯಿತು’ ಬೇಸರ, ‘ಇಷ್ಟೆಲ್ಲ ಆದರೂ ತಣ್ಣಗೆ ಕೂತಿದ್ದಾನೆ’ ಎಂಬುದರಲ್ಲಿ ಆಕ್ಷೇಪ. ಸಂಸ್ಕೃತದಿಂದ ಬಂದ ಪದಗಳು ಇನ್ನೊಂದು ದಾರಿ ಹಿಡಿದಿವೆ. ಅಮರಕೋಶ ಕೋಷ್ಣ, ಕವೋಷ್ಣ, ಮಂದೋಷ್ಣ, ಕದುಷ್ಣ ಎಂಬ ನಾಲ್ಕನ್ನು ಸಮಾನಾರ್ಥಕಗಳೆಂದು ಒಟ್ಟಿಗೆ ಕೊಡುತ್ತದೆ. ನಾಲ್ಕೂ ಉಷ್ಣದಿಂದ ಶುರುವಾಗಿ ಸ್ವಲ್ಪ ಕಳೆದುಕೊಂಡ ಪದಗಳು. ವೈದ್ಯದ ಬರಹಗಳಲ್ಲಿ ಬರುವ ಸುಖೋಷ್ಣ ಬೇರೆಯದು, ಅದು ಅಳತೆಯನ್ನು ಬಿಟ್ಟು ಮುಟ್ಟುವವರ ಸುಖವನ್ನೇ ಹೆಸರಾಗಿಸಿಕೊಂಡಿದೆ.

ಪದಕ್ಕೆ ಮೆಚ್ಚುಗೆ ಅಂಟಿಕೊಂಡಿರುವುದು ಬರೀ ಭಾಷೆಯ ಸೊಗಸಲ್ಲ, ಅಳೆಯುವವರಿಗೆ ನಿಜವಾದ ತಲೆನೋವು. ಕಟ್ಟಡದ ಒಳಗಿನ ಹವೆ ಜನರಿಗೆ ಹೇಗನ್ನಿಸುತ್ತದೆ ಎಂದು ಕೇಳಲು ಏಳು ಮೆಟ್ಟಿಲಿನ ಒಂದು ಅಳತೆ ಬಳಕೆಯಲ್ಲಿದೆ. ನಡುವೆ ಸೊನ್ನೆ, ಮೇಲಕ್ಕೆ ನಸುಬೆಚ್ಚಗೆ, ಬೆಚ್ಚಗೆ, ಬಿಸಿ ಎಂದು ಮೂರು, ಕೆಳಕ್ಕೆ ನಸುತಂಪು, ತಂಪು, ಚಳಿ ಎಂದು ಮೂರು. ಡೆನ್ಮಾರ್ಕಿನ ಎಂಜಿನಿಯರ್ ಫ್ಯಾಂಗರ್ 1970ರಲ್ಲಿ ಈ ಅಳತೆಯ ಮೇಲೆ ಕಟ್ಟಿದ ಲೆಕ್ಕ ಮುಂದೆ ಐಎಸ್‌ಒ 7730 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಅದರ ಪ್ರಕಾರ ಸರಾಸರಿ ಉತ್ತರ ಸರಿಯಾಗಿ ಸೊನ್ನೆ ಬಂದರೂ ನೂರಕ್ಕೆ ಐವರು ಅತೃಪ್ತರಿರುತ್ತಾರೆ. ಎಲ್ಲರಿಗೂ ಹಿತವಾದ ಕಾವು ಎಂಬುದು ಲೆಕ್ಕದಲ್ಲೂ ಇಲ್ಲ. ಈಗ ಆ ಪ್ರಶ್ನೆಪಟ್ಟಿಯನ್ನು ಕನ್ನಡದವರ ಮುಂದಿಟ್ಟರೆ ಏನಾಗುತ್ತದೆ ನೋಡಿ. ಅಳತೆ ಮಾಡಿದವರ ಲೆಕ್ಕದಲ್ಲಿ ‘ತಂಪು’ ಎಂದರೆ ಸೊನ್ನೆಯಿಂದ ಎರಡು ಮೆಟ್ಟಿಲು ಕೆಳಗೆ, ಅಂದರೆ ಕೊರತೆ. ಉತ್ತರಿಸುವವರಿಗೆ ತಂಪು ಎಂದರೆ ಚೆನ್ನಾಗಿದೆ ಎಂದರ್ಥ. ಬೇಸಿಗೆಯ ನಾಡುಗಳ ಜನ ಸೊನ್ನೆಗಿಂತ ತುಸು ತಂಪಿನ ಕಡೆಯನ್ನೂ, ಚಳಿನಾಡಿನವರು ತುಸು ಬೆಚ್ಚಗಿನ ಕಡೆಯನ್ನೂ ಇಷ್ಟಪಡುವುದು ಇಂಥ ಸಮೀಕ್ಷೆಗಳಲ್ಲಿ ಗೊತ್ತಿರುವ ಸಂಗತಿ. ಆದ್ದರಿಂದ ಒಳ್ಳೆಯ ಪ್ರಶ್ನೆಪಟ್ಟಿಯಲ್ಲಿ ‘ಈಗ ಹೇಗನ್ನಿಸುತ್ತಿದೆ’ ಎಂಬುದರ ಜೊತೆಗೆ ‘ಇನ್ನೂ ತಣ್ಣಗಾಗಬೇಕೇ, ಹೀಗೇ ಇರಲೇ, ಬೆಚ್ಚಗಾಗಬೇಕೇ’ ಎಂದು ಬೇರೆಯಾಗಿ ಕೇಳಿರುತ್ತಾರೆ. ಕನ್ನಡದಲ್ಲಿ ಸಮೀಕ್ಷೆ ಮಾಡುವವರಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ನಿಜ ಹೇಳುತ್ತದೆ ಎಂದು ನನ್ನ ನಂಬಿಕೆ.

(ಹವೆಯ ಮಾತು ಬಂದದ್ದಕ್ಕೆ: ಸಮಶೀತೋಷ್ಣ ಎಂಬ ಪದ ಕೇಳಲು ಹಿತವಾಗಿದೆ, ಆದರೆ ಭೂಪಟದ ಸಮಶೀತೋಷ್ಣ ವಲಯ ಎಂದರೆ ಸುಮಾರು 23.5 ಡಿಗ್ರಿಯಿಂದ 66.5 ಡಿಗ್ರಿ ಅಕ್ಷಾಂಶದವರೆಗಿನ ಪಟ್ಟಿ. ಚಳಿಗಾಲದಲ್ಲಿ ಸೊನ್ನೆಯ ಕೆಳಗೆ 40 ಡಿಗ್ರಿಗೆ ಇಳಿಯುವ ರಷ್ಯಾದ ಯಾಕುಟ್ಸ್ಕ್ ನಗರ ಕೂಡ ಅದರೊಳಗೇ ಬರುತ್ತದೆ. ಅಲ್ಲಿ ಶೀತವೂ ಸಮವಿಲ್ಲ, ಉಷ್ಣವೂ ಸಮವಿಲ್ಲ.)

ಆರಿದ್ದು ಮತ್ತು ಬೆಚ್ಚಗಾದದ್ದು

ಕನ್ನಡದ ಈ ಪದಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಾಣುವುದು ‘ಆರು’. ಆರಿದ ಹಾಲು ಎಂದರೆ ಕಾದು ಇಳಿದ ಹಾಲು. ಫ್ರಿಜ್ಜಿನಿಂದ ತೆಗೆದು ಬೆಚ್ಚಗೆ ಮಾಡಿದ ಹಾಲನ್ನು ಆರಿದ ಹಾಲು ಎನ್ನುವಂತಿಲ್ಲ, ಎರಡೂ 40 ಡಿಗ್ರಿಯಲ್ಲಿದ್ದರೂ ಸರಿ. ಈ ಪದ ಕಾವಿನ ಜೊತೆಗೆ ಅದರ ಹಿಂದಿನ ಕಥೆಯನ್ನೂ ಹೇಳುತ್ತದೆ, ಮತ್ತು ಬಹಳಷ್ಟು ಕೆಲಸಗಳಲ್ಲಿ ಆ ಕಥೆಯೇ ಮುಖ್ಯ. ‘ಕಾಯಿಸಿ ಆರಿಸಿದ ನೀರು’ ಎಂಬ ಮಾತಿನಲ್ಲಿ ಕ್ರಿಮಿ ಸತ್ತಿದೆ ಎಂಬ ಭರವಸೆಯಿದೆ, ‘ಉಗುರುಬೆಚ್ಚಗಿನ ನೀರು’ ಎಂಬುದರಲ್ಲಿ ಅದಿಲ್ಲ. ಕೂಸಿಗೆ ಪುಡಿಹಾಲು ಕಲಸುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಕಲಸಿದ ಮೇಲೆ ಕುಡಿಯುವ ಹದಕ್ಕೆ ಆರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುಡಿಯಲ್ಲೇ ಇರಬಹುದಾದ ಬ್ಯಾಕ್ಟೀರಿಯಾ ಆ ಬಿಸಿಗೆ ಸಾಯಲಿ ಎಂಬುದು ಉದ್ದೇಶ. ಇದನ್ನು ‘ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ’ ಎಂದು ಬರೆದರೆ ಕೊನೆಯ ಕಾವು ಸರಿಯಾಗಿಯೇ ಬರುತ್ತದೆ, ಬ್ಯಾಕ್ಟೀರಿಯಾ ಮಾತ್ರ ಬದುಕಿರುತ್ತದೆ.

ಹಾಲಿಗೆ ಹೆಪ್ಪು ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಪದಗಳೆಲ್ಲ ಸಾಲಾಗಿ ಬಂದು ಹೋಗುತ್ತವೆ. ಹಾಲನ್ನು 82ರಿಂದ 85 ಡಿಗ್ರಿಯವರೆಗೆ ಕಾಯಿಸಿ ಕೆಲವು ನಿಮಿಷ ಹಾಗೇ ಬಿಟ್ಟರೆ ಅದರೊಳಗಿನ ಒಂದು ಬಗೆಯ ಪ್ರೋಟೀನು ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಜೊತೆ ಹೆಣೆದುಕೊಳ್ಳುತ್ತದೆ, ಮೊಸರು ಗಟ್ಟಿಯಾಗಿ ಕೂರುವುದು ಇದರಿಂದ. ಆಮೇಲೆ ಆರಲು ಬಿಡಬೇಕು. ಆವಿ ನಿಲ್ಲುತ್ತದೆ, ಮೇಲೆ ಕೆನೆ ಸುಕ್ಕುಗಟ್ಟುತ್ತದೆ, ಪಾತ್ರೆಯ ಹೊರಮೈಗೆ ಅಂಗೈ ಒತ್ತಿ ಹಿಡಿಯಲು ಸಾಧ್ಯವಾಗುತ್ತದೆ. ಅಲ್ಲಿಗೇ ಅವಸರಪಡಬಾರದು, ಪಾತ್ರೆಯ ಮೈ ಒಳಗಿನ ಹಾಲಿಗಿಂತ ಮೊದಲೇ ಆರಿರುತ್ತದೆ. ಸೌಟಿನಿಂದ ತಳದವರೆಗೆ ಒಮ್ಮೆ ತಿರುವಿ, ತೊಳೆದು ಒರೆಸಿದ ಕಿರುಬೆರಳನ್ನು ಅದ್ದಿ ನೋಡಬೇಕು. ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕೆನಿಸಿದರೆ ಇನ್ನೂ 50ರ ಹತ್ತಿರವಿದೆ. ಆಗ ಹೆಪ್ಪು ಹಾಕಿದರೆ ಅದರ ಬ್ಯಾಕ್ಟೀರಿಯಾ ಸುಸ್ತಾಗುತ್ತವೆ, ಇನ್ನೂ ಮೇಲಿದ್ದರೆ ಸಾಯುತ್ತವೆ. ಹತ್ತು ಎಣಿಸುವವರೆಗೆ ಬೆರಳು ನಿಂತು, ಆದರೂ ಕಾವು ಚೆನ್ನಾಗಿ ತಿಳಿಯುತ್ತಿದ್ದರೆ 43ರ ಆಸುಪಾಸು, ಬಿಸಿ ಬಯಸುವ ಯೋಗರ್ಟ್ ಬ್ಯಾಕ್ಟೀರಿಯಾಗಳಿಗೆ ಅದೇ ಹದ. ಅಷ್ಟೇ ಕಾವಿನಲ್ಲಿ ಕಾಪಾಡಿದರೆ ನಾಲ್ಕರಿಂದ ಆರು ಗಂಟೆಯಲ್ಲಿ ಮೊಸರಾಗುತ್ತದೆ. ಬೆರಳಿಗೆ ಏನೂ ತಿಳಿಯದಿದ್ದರೆ 35ಕ್ಕೆ ಇಳಿದಿದೆ. ಆಗಲೂ ಹೆಪ್ಪುಗಟ್ಟಬಹುದು, ಆದರೆ ಬಹಳ ನಿಧಾನ, ಕೆಲವೊಮ್ಮೆ ಲೋಳೆಯಾಗುತ್ತದೆ. ಈ ಬೆರಳ ಲೆಕ್ಕ ಕೆಲಸ ಮಾಡುವುದು ನೋವಿನ ಗಡಿಯೂ ಹೆಪ್ಪಿನ ಹದವೂ ಒಂದೇ ಜಾಗದಲ್ಲಿ ಬೀಳುವುದರಿಂದ.

ಅದಕ್ಕೆ ಕಾಯಬೇಕಾದ ಹೊತ್ತೂ ಲೆಕ್ಕಕ್ಕೆ ಸಿಗುತ್ತದೆ. ಸುತ್ತಲಿನ ಹವೆಗಿಂತ ಎಷ್ಟು ಹೆಚ್ಚು ಕಾದಿದೆಯೋ ಅಷ್ಟು ಬೇಗ ಆರುತ್ತದೆ ಎಂದು ನ್ಯೂಟನ್ 1701ರಲ್ಲಿ ಹೇಳಿದ. ಕೋಣೆ 25 ಡಿಗ್ರಿ ಇದ್ದು, ಒಂದು ಪಾತ್ರೆ 95ರಿಂದ 45ಕ್ಕೆ ಇಳಿಯಲು 50 ನಿಮಿಷ ತೆಗೆದುಕೊಂಡಿತು ಎಂದುಕೊಳ್ಳಿ. ಮುಂದಿನ ಹತ್ತು ಡಿಗ್ರಿ ಇಳಿಯಲು ಅದೇ ಪಾತ್ರೆಗೆ 28 ನಿಮಿಷ ಬೇಕು. ಅದರ ನಂತರದ ಬರೀ ಐದು ಡಿಗ್ರಿಗೆ ಮತ್ತೆ 28 ನಿಮಿಷ. (ತೆರೆದ ಪಾತ್ರೆಯಲ್ಲಿ ಆವಿಯಾಗುವುದರಿಂದ ಮೊದಲ ಭಾಗ ಇನ್ನೂ ಬೇಗ ಮುಗಿಯುತ್ತದೆ.) ಬಿಸಿ ಬೇಗ ದಾಟಿಹೋಗುತ್ತದೆ, ಬೆಚ್ಚಗಿನ ಸ್ಥಿತಿ ಬಹಳ ಹೊತ್ತು ನಿಲ್ಲುತ್ತದೆ. ಉಗುರುಬೆಚ್ಚಗೆ ಎಂಬ ಸಡಿಲ ಪದವನ್ನು ಇಟ್ಟುಕೊಂಡೂ ಜನ ಕೆಲಸ ನಡೆಸಿಕೊಂಡು ಬಂದಿರುವುದು ಇದರಿಂದಲೇ ಇರಬೇಕು, ಆ ಪಾತ್ರೆ ಸುಮಾರು ಹೊತ್ತು ಅಲ್ಲಲ್ಲೇ ಇರುತ್ತದೆ. ಆದರೆ ಹೆಪ್ಪಿನಂಥ ಕೆಲಸಕ್ಕೆ ಬೇಕಾದ 45ರಿಂದ 42ರ ಕಿಂಡಿ ಆರೂವರೆ ನಿಮಿಷದ್ದು ಮಾತ್ರ. ಫೋನು ಬಂತೆಂದು ಹೋದರೆ ತಪ್ಪಿಹೋಗುತ್ತದೆ.

ಇದೇ ನಿಧಾನ ಇನ್ನೊಂದು ಕಡೆ ಕೆಡುಕು ಮಾಡುತ್ತದೆ. ಅಡುಗೆ ಮುಗಿದ ಮೇಲೆ ‘ಬೆಚ್ಚಗಿರಲಿ’ ಎಂದು ಮುಚ್ಚಿಡುತ್ತಾರಲ್ಲ, ಆ ಬೆಚ್ಚಗೆ ಎಷ್ಟು ಎಂಬುದು ಆರೋಗ್ಯದ ಪ್ರಶ್ನೆ. 5ರಿಂದ 60 ಡಿಗ್ರಿಯ ನಡುವೆ ಆಹಾರ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯಬಲ್ಲವು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು ಅತಿ ವೇಗವಾಗಿ ಹೆಚ್ಚುವುದು 43ರಿಂದ 47 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ಹೆಪ್ಪಿನ ಹದದಲ್ಲೇ. ಅದರ ಬೀಜಕಗಳು ಕುದಿಸಿದರೂ ಉಳಿದು, ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಮೊಳೆಯುತ್ತವೆ. ಬಡಿಸುವವರೆಗೆ ಇಡಬೇಕಾದ ಅಡುಗೆ 60ರ ಮೇಲಿರಬೇಕು, ಅಂದರೆ ಕೈ ಸೋಕಿದರೆ ಸುಡುವಷ್ಟು. ಇಲ್ಲವಾದರೆ ಅಗಲ ತಟ್ಟೆಗಳಿಗೆ ತೆಳ್ಳಗೆ ಹರವಿ, ಎರಡು ಗಂಟೆಯ ಒಳಗೆ ಫ್ರಿಜ್ಜಿಗೆ ಸೇರಿಸಬೇಕು. ಇಲ್ಲಿ ‘ಬೆಚ್ಚಗಿಡಿ’ ಎಂದು ಬರೆಯುವುದನ್ನೇ ಬಿಡಬೇಕು. ‘ಬಿಸಿಯಾಗಿಡಿ’ ಅಥವಾ ‘ತಣ್ಣಗಿಡಿ’ ಎರಡೇ ಸರಿ.

ಬರೆಯುವಾಗ

ಸೂಚನೆ ಬರೆಯುವವರಿಗೆ ಥರ್ಮಾಮೀಟರ್ ಇಲ್ಲದವರೂ ನೆನಪಿನಲ್ಲಿರಬೇಕು. ಅಂಥವರಿಗೆ ಬೆರೆಸುವ ಪ್ರಮಾಣ ಹೇಳುವುದು ಒಳ್ಳೆಯ ದಾರಿ. ಮನೆಯ ನೀರು 25 ಡಿಗ್ರಿ ಇದ್ದರೆ ಒಂದು ಲೋಟ ಕುದಿಯುವ ನೀರಿಗೆ ಅಂಥ ನಾಲ್ಕು ಲೋಟ ನೀರು ಬೆರೆಸಿದಾಗ 40 ಡಿಗ್ರಿ ಬರುತ್ತದೆ, ಐದು ಬೆರೆಸಿದರೆ 37.5. ಮನೆಯ ನೀರು 20 ಡಿಗ್ರಿಯದಾದರೆ ಮೂರು ಲೋಟ ಬೆರೆಸಿದಾಗಲೇ 40 ಬರುತ್ತದೆ. ಪಾತ್ರೆ ಸ್ವಲ್ಪ ಕಾವು ನುಂಗುತ್ತದೆ, ಎತ್ತರದ ಊರುಗಳಲ್ಲಿ ನೀರು ಕುದಿಯುವುದೇ ನೂರಕ್ಕಿಂತ ಕೆಳಗೆ (300 ಮೀಟರಿಗೆ ಸುಮಾರು ಒಂದು ಡಿಗ್ರಿ), ಆದ್ದರಿಂದ ನಿಜವಾಗಿ ಬರುವುದು ಒಂದೆರಡು ಡಿಗ್ರಿ ಕಡಿಮೆಯೇ. ಸ್ನಾನಕ್ಕಾದರೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ, ನಂತರ ತಳದವರೆಗೆ ಕಲಕಬೇಕು. ಬಿಸಿನೀರು ಹಗುರವಾದ್ದರಿಂದ ಕಲಕದಿದ್ದರೆ ಮೇಲೆ ಬಿಸಿ, ಕೆಳಗೆ ತಣ್ಣಗೆ ಎಂದು ಪದರಾಗಿ ನಿಲ್ಲುತ್ತದೆ. ಗೀಸರಿನ ನೀರು 49 ಡಿಗ್ರಿಯದಾದರೆ ದೊಡ್ಡವರ ಚರ್ಮ ಸುಡಲು ಕೆಲವು ನಿಮಿಷಗಳೇ ಬೇಕು, 60ಕ್ಕೆ ಏರಿಸಿದರೆ ಐದು ಸೆಕೆಂಡು ಸಾಕು, ಕೂಸಿಗೆ ಅದಕ್ಕಿಂತಲೂ ಕಡಿಮೆ. ಯೀಸ್ಟಿನ ಕಡೆ ತಪ್ಪು ಬೇರೆ ತರ. 60 ಡಿಗ್ರಿಯಲ್ಲಿ ಅದು ಸತ್ತೇಹೋಗುತ್ತದೆ. ತಣ್ಣೀರಿನಲ್ಲಿ ನೆನೆಸಿದರೆ ಸಾಯುವುದಿಲ್ಲ, ಆದರೆ ಒಣಗಿದ ಕೋಶಗಳಿಂದ ಗ್ಲುಟಾಥಯೋನ್ ಎಂಬ ರಾಸಾಯನಿಕ ಸೋರಿ ಹಿಟ್ಟು ಬಿಗಿ ಕಳೆದುಕೊಂಡು ಅಂಟಂಟಾಗುತ್ತದೆ. ಬ್ರೆಡ್ ಚಪ್ಪಟೆಯಾದಾಗ ಯೀಸ್ಟ್ ಹಳತು ಎಂದು ಬೈದುಕೊಳ್ಳುವ ಮೊದಲು ನೀರಿನ ಕಾವನ್ನು ನೆನಪಿಸಿಕೊಳ್ಳಬೇಕು.

ಜ್ವರದ ನೀರಿನ ವಿಚಾರಕ್ಕೆ ಬಂದರೆ, ಹಿಂದೆ ಅದನ್ನು ಉಗುರುಬೆಚ್ಚಗೆ ಎಂದದ್ದು ತಣ್ಣೀರು ಬೇಡ ಎಂದು ಒತ್ತಿ ಹೇಳುವುದಕ್ಕೆ. ತಣ್ಣೀರು ತಾಕಿದರೆ ಚರ್ಮದ ರಕ್ತನಾಳಗಳು ಮುದುಡಿ ನಡುಕ ಹುಟ್ಟುತ್ತದೆ, ನಡುಕ ಮೈಯೊಳಗೆ ಇನ್ನಷ್ಟು ಕಾವು ಹುಟ್ಟಿಸುತ್ತದೆ. ಬ್ರಿಟನ್ನಿನ ಮಾರ್ಗದರ್ಶಿಯೂ ಸೇರಿ ಈಗ ಮಕ್ಕಳ ಜ್ವರಕ್ಕೆ ಹೀಗೆ ಒರೆಸುವುದನ್ನೇ ಶಿಫಾರಸು ಮಾಡದವರಿದ್ದಾರೆ.

ಔಷಧದ ಡಬ್ಬಿಯ ಮೇಲಿನ ‘ತಂಪಾದ, ಒಣ ಜಾಗದಲ್ಲಿಡಿ’ ಎಂಬ ಮಾತಿನ ತಂಪು ಮಾತ್ರ ಅಂಕಿಯಲ್ಲೇ ಕಟ್ಟಿದ ತಂಪು, ಅದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಔಷಧಸಂಹಿತೆಯಲ್ಲಿ ಅದು 8ರಿಂದ 15 ಡಿಗ್ರಿ, ಭಾರತದ ಔಷಧ ನಿಯಮಗಳ ಅನುಸೂಚಿ ಪಿಯಲ್ಲಿ 10ರಿಂದ 25. ‘ತಣ್ಣನೆಯ ಜಾಗ’ ಎಂದಿದ್ದರೆ ಎರಡರಲ್ಲೂ 8 ಡಿಗ್ರಿ ಮೀರಬಾರದು, ಎಂದರೆ ಫ್ರಿಜ್. ಅಮೆರಿಕದ ಸಂಹಿತೆ ಬೆಚ್ಚಗೆ ಎಂಬುದಕ್ಕೂ 30ರಿಂದ 40 ಎಂದು ಗೆರೆ ಎಳೆದಿದೆ, ಅದರ ಮೇಲಿನದು ಅತಿಯಾದ ಬಿಸಿ. ನೆರಳಿನ ಗಾಳಿ ಹಿತವಾಗಿ ಬೀಸುತ್ತಿದೆ ಎಂದು 33 ಡಿಗ್ರಿಯ ಕೋಣೆಯ ಕಿಟಕಿ ಬಳಿ ಡಬ್ಬಿ ಇಟ್ಟವರು ತಂಪಾದ ಜಾಗದಲ್ಲೇ ಇಟ್ಟೆವು ಎಂದುಕೊಂಡಿರುತ್ತಾರೆ. ಬೀಸುವ ಗಾಳಿ ಬೆವರಿರುವ ಮೈಗೆ ತಂಪು, ಮಾತ್ರೆಗೆ ಬೆವರಿಲ್ಲ. ಇಂಥ ಕಡೆ ‘ತಂಪು’ ಎಂದು ಅನುವಾದಿಸಿ ಬಿಡುವುದಕ್ಕಿಂತ ‘25 ಡಿಗ್ರಿಗಿಂತ ಕೆಳಗೆ’ ಎಂದು ಅಂಕಿ ಹಾಕುವುದೇ ಸರಿ.

ಸುಟ್ಟ ಗಾಯದ ಪ್ರಥಮ ಚಿಕಿತ್ಸೆಯಲ್ಲಿ ಈ ಪದಗಳು ಅದಲುಬದಲಾದರೆ ಪೆಟ್ಟು ನೇರವಾಗಿ ಗಾಯಕ್ಕೇ ಬೀಳುತ್ತದೆ. ಗಾಯದ ಮೇಲೆ ಹರಿಸಬೇಕಾದದ್ದು ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಮಂಜುಗಡ್ಡೆಯೂ ಬೇಡ, ಫ್ರಿಜ್ಜಿನ ನೀರೂ ಬೇಡ, ತೀರಾ ಕೊರೆಯುವ ತಂಪಿಗೆ ರಕ್ತನಾಳಗಳು ಮುದುಡಿ ಸುಟ್ಟ ಅಂಗಾಂಶಕ್ಕೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಉಳಿದ ಮೈಯನ್ನು ಬಟ್ಟೆ ಹೊದಿಸಿ ಬೆಚ್ಚಗಿಡಬೇಕು. ಸಣ್ಣ ಮಕ್ಕಳಲ್ಲಿ, ಸುಟ್ಟ ಜಾಗ ಅಗಲವಾಗಿದ್ದಾಗ, ಇಪ್ಪತ್ತು ನಿಮಿಷ ನೀರು ಹರಿಯುವಷ್ಟರಲ್ಲಿ ಇಡೀ ಮೈಯ ಕಾವು ಇಳಿದುಬಿಡಬಹುದು. ಆದ್ದರಿಂದ ಒಬ್ಬರು ಗಾಯಕ್ಕೆ ನೀರು ಹಿಡಿದಿರುವಾಗ ಇನ್ನೊಬ್ಬರು ಮಗುವಿನ ಹೊಟ್ಟೆ ಮತ್ತು ಬೆನ್ನಿಗೆ ಒಣ ಟವೆಲ್ ಸುತ್ತಿ, ತುಟಿ ನೀಲಿಯಾಗುತ್ತಿದೆಯೇ, ನಡುಕ ಬಂದಿದೆಯೇ ಎಂದು ನೋಡುತ್ತಿರಬೇಕು.